ಆಸಿಡ್ಡಿಗೆ ನೀರು ಹಾಕಬಾರದು

ಹುಣಸೂರಿನಲ್ಲಿ ಮೋಟಾರು ಗಾಡಿಗಳ ಎಲೆಕ್ಟ್ರಿಕ್ ಕೆಲಸ ಕಲಿಯುತ್ತಿದ್ದಾಗ ನಾನು ಆಡಿದ ಒಂದು ಮಾತಿನಿಂದ ಒಬ್ಬನ ಕಣ್ಣು ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಓದುವವರನ್ನು ಬೆಚ್ಚಿಬೀಳಿಸುವಂಥ ವಿಷಯವಲ್ಲ ಇದು. ಆ ಮಾತು ಸುಳ್ಳೂ ಆಗಿರಲಿಲ್ಲ, ಪಾಠದಲ್ಲಿ ಇದ್ದ ಮಾತೇ. ಅದನ್ನು ಎಲ್ಲಿ ಹೇಳಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದು ನನಗೆ ತಿಳಿದಿರಲಿಲ್ಲ, ಅಷ್ಟೇ. ಅಷ್ಟೇ ಎಂದು ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮದು ಸಾಲಿಗ್ರಾಮದ ಕಡೆಯ ಹಳ್ಳಿ, ನಾಲೆ ನೀರಿನ ಗದ್ದೆ. ನಾನು ನಾಲ್ಕನೆಯ ಮಗ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದ್ದೆ, ಆದರೂ ಊರಲ್ಲಿ ಓದಿದವನು ಎಂಬ ಹೆಸರು ಬಂದಿತ್ತು. ಗದ್ದೆಯಲ್ಲಿ ನಾಲ್ಕನೆಯವನಿಗೆ ಕೆಲಸವಿಲ್ಲ ಎಂಬುದು ಅಪ್ಪನ ಲೆಕ್ಕಾಚಾರ. ಊರಿಗೆ ಹೊಸದಾಗಿ ಬಂದ ಟ್ರ್ಯಾಕ್ಟರು ದೀಪ ಉರಿಯದೆ ಒಂದು ವಾರ ಕೊಟ್ಟಿಗೆಯಲ್ಲಿ ನಿಂತಿದ್ದನ್ನು ನೋಡಿ, ಮುಂದೆ ಇದಕ್ಕೆಲ್ಲ ಜನ ಬೇಕಾಗುತ್ತಾರೆ ಎಂದು ನನ್ನನ್ನು ಹುಣಸೂರಿಗೆ ಕಳಿಸಿದರು. ದೂರಾಲೋಚನೆ ಒಳ್ಳೆಯದೇ. ಮಗನ ಕೈ ಹೇಗಿದೆ ಎಂದು ಮಾತ್ರ ಅವರು ಯಾವತ್ತೂ ನೋಡಿರಲಿಲ್ಲ. ನನ್ನ ಕೈಗೆ ಒಂದು ಸ್ಕ್ರೂ ಕೊಟ್ಟರೆ ಅದು ನೆಲದ ಮೇಲೇ ಹೆಚ್ಚು ಹೊತ್ತು ಇರುತ್ತಿತ್ತು.

ತರಬೇತಿ ಕೇಂದ್ರವೆಂದರೆ ಹಿಂದೆ ಹೊಗೆಸೊಪ್ಪು ತುಂಬುತ್ತಿದ್ದ ಒಂದು ಗೋಡೌನು. ಸೊಪ್ಪು ಖಾಲಿ ಮಾಡಿದ್ದರೂ ಅದರ ಘಾಟು ಗೋಡೆಯಿಂದ ಹೋಗಿರಲಿಲ್ಲ, ಮೊದಲ ತಿಂಗಳು ಹದಿನೆಂಟು ಜನವೂ ಸೀನುತ್ತಲೇ ಪಾಠ ಕೇಳಿದೆವು. ಚಕ್ರ ಕಳಚಿ ಕಲ್ಲಿನ ಮೇಲೆ ಕೂರಿಸಿದ ಒಂದು ಜೀಪು, ಹಲಗೆಗೆ ಮೊಳೆ ಹೊಡೆದು ಹರಡಿದ ವೈರುಗಳು, ಬಿಚ್ಚಿ ಬಿಚ್ಚಿ ಸವೆದ ನಾಲ್ಕು ಡೈನಮೋ, ಒಂದು ಮೂಲೆಯಲ್ಲಿ ಬ್ಯಾಟರಿ ಚಾರ್ಜು ಮಾಡುವ ಪೆಟ್ಟಿಗೆ. ನಮ್ಮ ಆಸ್ತಿ ಇಷ್ಟು. ದೂರದ ಊರಿನವರು ಅಲ್ಲೇ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆವು.

ಮೇಷ್ಟ್ರು ಮಿಲಿಟರಿಯಲ್ಲಿ ಗಾಡಿ ರಿಪೇರಿ ಮಾಡಿ ಬಂದವರು, ವಯನಾಡಿನ ಕಡೆಯವರು. ಅವರ ಕನ್ನಡ ಮೂಗಿನಿಂದ ಬರುತ್ತಿತ್ತು, ಸಿಟ್ಟು ಮಾತ್ರ ನೇರವಾಗಿ ಬರುತ್ತಿತ್ತು. ಅವರ ಬಲ ಮುಂಗೈ ಮೇಲೆ ಮೊಣಕೈವರೆಗೂ ಸುಟ್ಟು ಸುಕ್ಕುಗಟ್ಟಿದ ಚರ್ಮವಿತ್ತು. ಬ್ಯಾಟರಿಗೆ ಹಾಕುವ ಆಸಿಡ್ ಕಲಸುವಾಗ ಯಾರೋ ಸಿಪಾಯಿ ಆಸಿಡ್ಡಿನ ಮೇಲೆ ನೀರು ಹೊಯ್ದನಂತೆ. ನೀರು ಬಿದ್ದ ಜಾಗದಲ್ಲೇ ಕೊತಕೊತ ಕುದ್ದು ಆಸಿಡ್ ಹಾರಿ ಇವರ ಕೈ ಮೇಲೆ ಬಿತ್ತು. ಆದ್ದರಿಂದ ಬೆಳಗ್ಗೆ ಹಾಜರಿ ಆದ ಕೂಡಲೇ ನಾವೆಲ್ಲ ಎದ್ದು ನಿಂತು ಒಕ್ಕೊರಲಿನಿಂದ ಹೇಳಬೇಕಾಗಿತ್ತು: ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು. ಮೂರು ಸಲ. ಮಗ್ಗಿ ಹೇಳುವ ಮಕ್ಕಳ ಹಾಗೆ ಮೀಸೆ ಬಂದವರೆಲ್ಲ ರಾಗವಾಗಿ ಹೇಳುತ್ತಿದ್ದೆವು. ಯಾರ ಬಾಯಿ ಆಡದಿದ್ದರೂ ಮೇಷ್ಟ್ರಿಗೆ ಗೊತ್ತಾಗುತ್ತಿತ್ತು. ಹೇಳಿಸುವ ಕೆಲಸವನ್ನು ಅವರು ಬರಬರುತ್ತಾ ನನಗೇ ವಹಿಸಿದರು. ನಾನು ಮುಂದೆ ನಿಂತು ಹೇಳುತ್ತಿದ್ದೆ, ಉಳಿದವರು ಹಿಂದಿನಿಂದ. ಆ ಹೊತ್ತಿನಲ್ಲಿ ನನಗಿದ್ದ ಜಂಬ ಈಗ ನೆನೆದರೆ ಮೈಯೆಲ್ಲ ಮುಳ್ಳಾಗುತ್ತದೆ.

ನನ್ನ ಚಾಪೆಯ ಪಕ್ಕದ ಚಾಪೆ, ಮುಂದೆ ಕಣ್ಣು ಹೋದ ಆ ಹುಡುಗನದು. ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರ ಹಾಡಿಯಿಂದ ಬಂದಿದ್ದ. ಅಣೆಕಟ್ಟಿನ ನೀರು ಬರುತ್ತದೆಂದು ಹಾಡಿಯನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದ್ದರು. ಅಲ್ಲಿ ಅವನ ತಾಯಿ ಮತ್ತು ತಂಗಿ ಕೂಲಿಗೆ ಹೋಗುತ್ತಿದ್ದರು. ಹಾಡಿಯವನು ಅಂದ ಕೂಡಲೇ ಎಲ್ಲರೂ ಅವನನ್ನು ಕೇಳುತ್ತಿದ್ದುದು ಒಂದೇ, ಜೇನು ಕೀಳೋದು ಬರುತ್ತಾ ಎಂದು. ಅವನಿಗೆ ಮರ ಹತ್ತುವುದೆಂದರೆ ಹೆದರಿಕೆ. ಅವನು ಚಿಕ್ಕಂದಿನಿಂದ ಮಾಡಿದ್ದು ಮರ ಕಡಿಯುವ ಕೂಪಿನಿಂದ ದಿಮ್ಮಿ ಸಾಗಿಸುವ ಲಾರಿಯಲ್ಲಿ ಕ್ಲೀನರ್ ಕೆಲಸ. ಲಾರಿ ಕಾಡಿನ ನಡುವೆ ಕೆಟ್ಟು ನಿಂತಾಗ ಡ್ರೈವರು ಬೈಯುತ್ತಾ ಕೂತಿರುತ್ತಿದ್ದನಂತೆ, ಇವನು ಬಾನೆಟ್ಟು ಎತ್ತಿ ಒಳಗೆ ತಲೆ ಹಾಕುತ್ತಿದ್ದನಂತೆ. ಹಾಗೆ ಕಲಿತ ಕೈ ಅದು.

ಮೇಷ್ಟ್ರು ಜೀಪಿನಲ್ಲಿ ಬೇಕೆಂದೇ ಏನಾದರೂ ಕೆಡಿಸಿಟ್ಟು, ಹುಡುಕಿ ಎನ್ನುತ್ತಿದ್ದರು. ಒಂದು ದಿನ ಹಾರನ್ ಕೂಗುತ್ತಿರಲಿಲ್ಲ. ನಾನು ಪುಸ್ತಕದಲ್ಲಿ ಇದ್ದಂತೆ ಬ್ಯಾಟರಿಯಿಂದ ಹೊರಟು, ಫ್ಯೂಸಿಗೆ ಬಂದು, ಟೆಸ್ಟ್ ಲ್ಯಾಂಪು ಹಿಡಿದು ಒಂದೊಂದೇ ಗಂಟು ನೋಡುತ್ತಾ ಅರ್ಧ ಗಂಟೆ ಕಳೆದೆ. ಆ ದಾರಿ ತಪ್ಪಲ್ಲ, ನಿಧಾನ. ಅವನು ಬಂದು ಸ್ಟೀರಿಂಗ್ ಕೆಳಗಿನ ವೈರುಗಳನ್ನು ಬೆರಳಲ್ಲಿ ಮೆಲ್ಲಗೆ ಎಳೆಯುತ್ತಾ ಹೋದ. ಒಂದು ಕಡೆ ವೈರು ಕೂದಲೆಳೆಯಷ್ಟು ಹಿಗ್ಗಿತು. ಮೇಲಿನ ರಬ್ಬರು ಸರಿಯಿದೆ, ಒಳಗಿನ ತಂತಿ ತುಂಡಾಗಿದೆ. ಅಲ್ಲಿ ಬ್ಲೇಡು ಹಾಕಿ ಸೀಳಿ ತೋರಿಸಿದ. ಮೇಷ್ಟ್ರು ತಮ್ಮ ಬೀಡಿಯೊಂದನ್ನು ಅವನ ಕಡೆಗೆ ಚಾಚಿದರು. ನನಗೆ ಹೊಟ್ಟೆ ಉರಿಯಿತು.

ಆದರೆ ಅವನಿಗೆ ಓದು ಹತ್ತುತ್ತಿರಲಿಲ್ಲ. ಏಳನೆಯ ತರಗತಿವರೆಗೆ ಹೋಗಿದ್ದರೂ ಅಕ್ಷರ ಕಂಡರೆ ಬೆವರುತ್ತಿದ್ದ. ವರ್ಷದ ಕೊನೆಯ ಪರೀಕ್ಷೆಯಲ್ಲಿ ಕೈಕೆಲಸ ಅರ್ಧ, ಬಾಯಲ್ಲಿ ಉತ್ತರ ಹೇಳುವುದು ಅರ್ಧ. ಎರಡರಲ್ಲೂ ಪಾಸಾದರೆ ಸರ್ಟಿಫಿಕೇಟು. ಹುಣಸೂರಿನ ಒಬ್ಬ ಬಸ್ ಮಾಲೀಕರು ಅವನ ಕೈಕೆಲಸ ನೋಡಿ, ಆ ಕಾಗದ ತಂದುಕೊಡು, ನಮ್ಮ ಷೆಡ್ಡಿನ ಎಲೆಕ್ಟ್ರಿಷಿಯನ್ ನೀನೇ ಎಂದಿದ್ದರು. ಷೆಡ್ಡಿನ ಹಿಂದೆ ಇರಲು ಒಂದು ಮನೆಯೂ ಇತ್ತು. ತಾಯಿ ತಂಗಿಯನ್ನು ಕರೆತಂದು ಅಲ್ಲಿ ಇಡಬೇಕು, ಅವರು ಇನ್ನೊಬ್ಬರ ಹೊಲದ ಬದುವಿನಲ್ಲಿ ಕೂತು ಉಣ್ಣುವುದು ತಪ್ಪಬೇಕು ಎಂಬುದು ಅವನ ಆಸೆ. ಆ ಒಂದು ಕಾಗದದ ಮೇಲೆ ಮೂರು ಜನರ ಬದುಕು ನಿಂತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ಹಾಗಾಗಿ ಸಂಜೆ ಹೊತ್ತು ಗೋಡೌನಿನ ಹಿಂದಿನ ಮೆಟ್ಟಿಲ ಮೇಲೆ ಕೂತು ನಾನು ಓದಿ ಹೇಳುತ್ತಿದ್ದೆ, ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಒಂದು ಸಲ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಅದಕ್ಕೆ ಬದಲಾಗಿ ನನಗೆ ಸ್ಪ್ಯಾನರ್ ಹಿಡಿಯುವುದನ್ನು, ಬೆಸುಗೆ ಹಾಕುವುದನ್ನು ಮೇಷ್ಟ್ರಿಗೆ ಕಾಣದಂತೆ ಹೇಳಿಕೊಡುತ್ತಿದ್ದ. ಹೀಗೆ ಎಂಟು ತಿಂಗಳು ನಡೆಯಿತು. ಸ್ನೇಹ ಅನ್ನಬಹುದೇ? ಅವನ ಕಡೆಯಿಂದ ಅನ್ನಬಹುದು. ನಾನು ಊರಿಗೆ ಹೋದಾಗ ಅಮ್ಮ, ಪಕ್ಕದಲ್ಲಿ ಮಲಗೋನು ಯಾವ ಜನ ಎಂದು ಕೇಳಿದರು. ಪಿರಿಯಾಪಟ್ಟಣದ ಕಡೆ ನಮ್ಮ ಪೈಕಿಯವನೇ ಎಂದು ಸುಳ್ಳು ಹೇಳಿದೆ.

ಪರೀಕ್ಷೆಗೆ ಇನ್ನು ಮೂರು ವಾರ ಇತ್ತು. ಅವತ್ತು ಶನಿವಾರ. ಪರೀಕ್ಷೆಯ ವಿಚಾರಕ್ಕೆ ಮೇಷ್ಟ್ರು ಬೆಳಗ್ಗೆಯೇ ಮೈಸೂರಿಗೆ ಹೋಗಿದ್ದರು. ಹಿಂದಿನ ದಿನದಿಂದ ಮೂರು ಬ್ಯಾಟರಿಗಳು ಚಾರ್ಜಿಗೆ ಕೂತಿದ್ದವು. ಹತ್ತು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ಇಂಜಿನ್ನು ಚಾಲೂ ಮಾಡುವ ಸೆಲ್ಫ್ ಮೋಟಾರು ತಿರುಗಿಸಿ ನೋಡೋಣ ಎಂದು ನಾವು ಜೀಪಿನ ಸುತ್ತ ನಿಂತಿದ್ದೆವು, ಅವನು ಬ್ಯಾಟರಿ ತರಲು ಮೂಲೆಗೆ ಹೋದ. ಬ್ಯಾಟರಿಗೆ ಕಚ್ಚಿಸಿದ ಚಾರ್ಜಿನ ಕ್ಲಿಪ್ಪು ಬಿಚ್ಚುವ ಮೊದಲು ಗೋಡೆಯ ಸ್ವಿಚ್ಚು ಆರಿಸಬೇಕು. ಕರೆಂಟೇ ಇಲ್ಲವಲ್ಲ, ಯಾಕೆ ಆರಿಸಬೇಕು ಎಂದು ಅವನು ಬಿಟ್ಟ. ಯಾರಾದರೂ ಬಿಡುತ್ತಿದ್ದರು. ಕ್ಲಿಪ್ಪಿಗೆ ಕೈ ಹಾಕಿ ಎಳೆಯುವ ಹೊತ್ತಿಗೆ ಸರಿಯಾಗಿ ಕರೆಂಟು ಬಂತು, ಕ್ಲಿಪ್ಪಿನ ಬಾಯಲ್ಲಿ ಕಿಡಿ ಹಾರಿತು.

ಚಾರ್ಜಾಗುವ ಬ್ಯಾಟರಿಯ ಮೇಲೆ ಗ್ಯಾಸು ನಿಂತಿರುತ್ತದೆ, ಒಂದು ಕಿಡಿ ಸಾಕು. ತೆಂಗಿನಕಾಯಿ ಬಂಡೆಗೆ ಅಪ್ಪಳಿಸಿದಂಥ ಸದ್ದು. ತಿರುಗಿ ನೋಡುವಷ್ಟರಲ್ಲಿ ಬ್ಯಾಟರಿಯ ಮುಚ್ಚಳ ಎದ್ದುಹೋಗಿತ್ತು, ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದ. ಕಿರುಚಲಿಲ್ಲ. ಕಣ್ಣು, ಕಣ್ಣು ಎಂದು ಮೆಲ್ಲಗೆ ಹೇಳುತ್ತಾ ಅಲ್ಲೇ ಕುಸಿದು ಕೂತ. ಓಡಿಹೋಗಿ ಅವನ ಭುಜ ಹಿಡಿದುಕೊಂಡೆ. ಅಂಗಿಯ ಎದೆಯ ಭಾಗ ಕಣ್ಣೆದುರೇ ತೂತು ತೂತಾಗುತ್ತಿತ್ತು.

ಕೇಂದ್ರದ ಕಸ ಗುಡಿಸಿ, ಬಾವಿಯಿಂದ ಕುಡಿಯುವ ನೀರು ತಂದಿಡುತ್ತಿದ್ದ ಒಬ್ಬ ಹೆಂಗಸಿದ್ದಳು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಸದ್ದು ಕೇಳಿ ತುಂಬಿದ ಬಕೆಟ್ಟಿನ ಸಮೇತ ಓಡಿಬಂದಳು. ಬಂದವಳೇ ಬಕೆಟ್ಟನ್ನು ಅವನ ಪಕ್ಕ ಇಟ್ಟು, ಚೊಂಬಿನಲ್ಲಿ ನೀರು ಎತ್ತಿದಳು.

"ಮೊಖ ಎತ್ತು ಮಗ. ನೀರಾಕ್ತೀನಿ, ಕಣ್ಬುಡು" ಎಂದಳು.

ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. "ಬ್ಯಾಡ ಕಣಕ್ಕ. ಅದು ಆಸಿಡ್ಡು. ಆಸಿಡ್ಡಿಗೆ ನೀರು ಹಾಕಬಾರದು. ಕುದ್ದು ಕಣ್ಣೇ ಬೆಂದೋಯ್ತದೆ."

ಹದಿನಾರು ಜನ ಸುತ್ತ ನಿಂತಿದ್ದರು. ಹೌದು ಹೌದು, ಹಾಕಬಾರದು ಎಂದರು. ದಿನಾ ಬೆಳಗ್ಗೆ ಮೂರು ಸಲ ಹೇಳಿದ್ದ ಬಾಯಿಗಳು, ಬೇರೆ ಏನು ಹೇಳಿಯಾವು. ಆ ಅಕ್ಕ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ನೀವು ಓದಿದೋರು ಎಂದಷ್ಟೇ ಹೇಳಿ ಚೊಂಬಿನ ನೀರನ್ನು ಮತ್ತೆ ಬಕೆಟ್ಟಿಗೆ ಸುರಿದಳು. ನಾನು ಒಗೆದ ಬಟ್ಟೆಯ ತುಂಡು ತಂದು ಅವನ ಮುಖ ಒತ್ತಿ ಒತ್ತಿ ಒರೆಸಿದೆ. ಒಣಬಟ್ಟೆಯನ್ನೇ ಕಣ್ಣಿಗೆ ಕಟ್ಟಿದೆ. ಎಲ್ಲವನ್ನೂ ಬಹಳ ಅಚ್ಚುಕಟ್ಟಾಗಿ ಮಾಡಿದೆ. ಓದಿ ಓದಿ ಮರುಳಾದ ಕೂಚಂಭಟ್ಟ ಎಂಬ ಗಾದೆಯನ್ನು ನಮ್ಮೂರಲ್ಲಿ ನಗುತ್ತಾ ಹೇಳುತ್ತಾರೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ.

ಜಟಕಾ ಸಿಗುವುದು ತಡವಾಯಿತು. ಆಸ್ಪತ್ರೆ ತಲುಪುವಾಗ ಮುಕ್ಕಾಲು ಗಂಟೆ ಕಳೆದಿತ್ತು. ದಾರಿಯುದ್ದಕ್ಕೂ ಅವನು ನನ್ನ ತೊಡೆಯನ್ನು ಹಿಡಿದುಕೊಂಡಿದ್ದ, ಉಗುರು ಇಳಿಯುವಷ್ಟು. ಡಾಕ್ಟರು ಬಟ್ಟೆ ಬಿಚ್ಚುತ್ತಾ, ಬಿದ್ದ ಕೂಡಲೇ ನೀರು ಹಾಕಿ ತೊಳೆದಿರಾ ಎಂದು ಕೇಳಿದರು.

"ಇಲ್ಲ ಸಾರ್. ಒಂದು ಹನಿಯೂ ಬೀಳದಂತೆ ನೋಡಿಕೊಂಡಿದ್ದೇನೆ" ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಮುಂದೆ ನಿಂತು ಪಾಠ ಒಪ್ಪಿಸುತ್ತಿದ್ದ ಅದೇ ದನಿಯಲ್ಲಿ.

ಡಾಕ್ಟರು ಬಟ್ಟೆಯನ್ನು ಕಿತ್ತು ಪಕ್ಕಕ್ಕೆ ಎಸೆದರು. ಆಮೇಲೆ ನರ್ಸನ್ನು ಕೂಗಿ, ಅವನನ್ನು ಮಲಗಿಸಿ, ರೆಪ್ಪೆ ಬಿಡಿಸಿ ಹಿಡಿದು ಬಾಟಲಿ ಬಾಟಲಿ ನೀರು ಕಣ್ಣಿಗೆ ಬಿಡತೊಡಗಿದರು. ನೀರು ಅವನ ಕೆನ್ನೆಯಿಂದ ಹರಿದು, ಮಂಚದಿಂದ ಇಳಿದು, ನನ್ನ ಚಪ್ಪಲಿಯ ಕೆಳಗೆ ಬಂತು. ಏನೂ ಕುದಿಯಲಿಲ್ಲ, ಏನೂ ಹಾರಲಿಲ್ಲ. ಯಾರಪ್ಪ ಹೇಳಿದ್ದು ನಿನಗೆ ನೀರು ಹಾಕಬಾರದು ಅಂತ, ಎಂದು ಅವರು ತಲೆ ಎತ್ತದೆ ಕೇಳಿದರು. ಪಾಠದಲ್ಲಿದೆ ಸಾರ್ ಎಂದೆ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಅವನ ಬಲಗಣ್ಣು ತೆಗೆದರು. ಎಡಗಣ್ಣು ಉಳಿಯಿತು, ಆದರೆ ಅದರ ಮೇಲೆ ಮಜ್ಜಿಗೆ ಚೆಲ್ಲಿದಂತೆ ಮಂಜು ಕಟ್ಟಿತು. ಆಕಾರ ಕಾಣುತ್ತದೆ, ಬಣ್ಣ ತಿಳಿಯುವುದಿಲ್ಲ ಎಂದರು. ಗಾಡಿಯ ವೈರುಗಳನ್ನು ಗುರುತಿಸುವುದು ಬಣ್ಣದಿಂದಲೇ.

ಮೇಷ್ಟ್ರು ಬಂದು ಎಲ್ಲವನ್ನೂ ಕೇಳಿದರು. ನೀರು ಬೇಡ ಎಂದದ್ದು ನಾನು ಎಂದು ನಾನೇ ಹೇಳಿದೆ. ಹೊಡೆಯುತ್ತಾರೆ ಎಂದು ಕಾದೆ. ಅವರು ನನ್ನ ನೋಟ್ ಪುಸ್ತಕ ತರಿಸಿ, ಹಾಳೆ ಮಗುಚಿ, ಒಂದು ಕಡೆ ಬೆರಳಿಟ್ಟು ನನ್ನ ಮುಂದೆ ಹಿಡಿದರು. ಮೈಮೇಲೆ ಅಥವಾ ಕಣ್ಣಿಗೆ ಆಸಿಡ್ ಬಿದ್ದರೆ ಧಾರಾಳವಾಗಿ ನೀರು ಹಾಕುತ್ತಾ ಇರಬೇಕು. ನನ್ನದೇ ಅಕ್ಷರ, ದುಂಡಗೆ, ಒಂದು ತಪ್ಪಿಲ್ಲದೆ. ಅವರು ಒಂದೇ ಸಲ ಹೇಳಿದ್ದರು, ನಾನು ಒಂದೇ ಸಲ ಬರೆದುಕೊಂಡಿದ್ದೆ. ಕಲಸುವ ಪಾತ್ರೆಯ ಮಾತು ಬೇರೆ, ಮನುಷ್ಯನ ಕಣ್ಣಿನ ಮಾತು ಬೇರೆ ಎಂಬುದು ಆ ಹಾಳೆಯಲ್ಲಿ ಸ್ಪಷ್ಟವಾಗಿ ಇತ್ತು. ಅವನಿಗೆ ಆ ಸಾಲನ್ನು ಓದಿ ಹೇಳಿದ್ದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಎಂದು ಹಾರಿಸಿರಬೇಕು.

"ಎರಡು ಮಾತು ಹೇಳಿದೆ. ಒಂದನ್ನು ಮಾತ್ರ ದಿನಾ ಹಾಡಿಸಿದೆ. ತಪ್ಪು ನಂದೂ ಉಂಟು" ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು. ಮಾರನೆಯ ದಿನದಿಂದ ಬೆಳಗಿನ ಆ ಪಾಠ ನಿಂತಿತು. ಅವರು ಹಾಗೆ ಅಂದದ್ದು ನನಗೆ ಇಷ್ಟವಾಗಲಿಲ್ಲ. ನನಗೆ ತಪ್ಪಿನಲ್ಲಿ ಪಾಲು ತೆಗೆದುಕೊಳ್ಳುವವರು ಬೇಕಿರಲಿಲ್ಲ, ಕೆನ್ನೆಗೆ ಬಾರಿಸುವವರು ಬೇಕಿತ್ತು.

ಪರೀಕ್ಷೆ ಬಂತು. ಮೈಸೂರಿನಿಂದ ಬಂದ ಪರೀಕ್ಷಕರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಬ್ಯಾಟರಿಯ ಆಸಿಡ್ ಹೇಗೆ ಕಲಸುತ್ತೀಯ ಎಂದು. ಹೇಳಿದೆ. ಶಾಭಾಷ್ ಎಂದರು. ಜೀಪಿನಲ್ಲಿ ಅವರು ಕೆಡಿಸಿಟ್ಟಿದ್ದ ಇಂಡಿಕೇಟರಿನ ದೋಷವನ್ನು ವೈರು ಮೆಲ್ಲಗೆ ಎಳೆದು ನೋಡಿಯೇ ಕಂಡುಹಿಡಿದೆ. ಅದನ್ನು ಕಲಿಸಿದವನು ಆಗ ಆಸ್ಪತ್ರೆಯಿಂದ ಹೊರಬಿದ್ದು ಹಾಡಿಗೆ ಹೋಗಿಯಾಗಿತ್ತು. ಅವನ ಹೆಸರಿನ ಮುಂದೆ ಗೈರುಹಾಜರಿ ಎಂದು ಬರೆದರು.

ಸರ್ಟಿಫಿಕೇಟು ಕೈಗೆ ಬಂದ ವಾರ ಬಸ್ ಮಾಲೀಕರ ಹತ್ತಿರ ಹೋದೆ. ನನ್ನ ಸಲುವಾಗಿ ಅಲ್ಲ, ಅವನ ಸಲುವಾಗಿಯೇ ಹೋಗಿದ್ದು. ಒಂದು ಕಣ್ಣು ಸ್ವಲ್ಪ ಕಾಣುತ್ತದೆ, ಕೈಗೆ ಕಣ್ಣು ಬೇಕಿಲ್ಲ, ಅವನ ಬೆರಳೇ ನೋಡುತ್ತದೆ ಎಂದೆಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ, ಕೂರಿಸಿ ಕಾಫಿ ಕೊಡಿಸಿದರು. ಘಾಟಿ ಇಳಿಯುವಾಗ ಬಸ್ಸಿನ ದೀಪ ಆರಿದರೆ ಅಷ್ಟು ಜನರಿಗೆ ಯಾರು ಉತ್ತರ ಹೇಳುತ್ತಾರೆ ಎಂದು ಕೇಳಿದರು. ಆಮೇಲೆ, ಜಾಗ ಖಾಲಿ ಇದೆ, ನೀನೂ ಪಾಸಾಗಿದ್ದೀಯಲ್ಲ, ನೀನೇ ಬಾ ಎಂದರು. ನಾನು ಆಗುವುದಿಲ್ಲ ಎನ್ನಬೇಕಾಗಿತ್ತು. ಎರಡು ದಿನ ಟೈಮು ಕೇಳಿದೆ. ಮೂರನೆಯ ದಿನ ಹೋಗಿ ಸೇರಿಕೊಂಡೆ.

ಷೆಡ್ಡಿನ ಹಿಂದಿನ ಮನೆಯ ಬೀಗದ ಕೈಯನ್ನು ನನಗೆ ಕೊಟ್ಟರು. ಅದರಲ್ಲಿ ಒಂದು ತಿಂಗಳು ಮಲಗಿದೆ. ಆಮೇಲೆ ತಡೆಯಲಾಗದೆ ಒಂದು ರಜಾದಿನ ಹೆಗ್ಗಡದೇವನಕೋಟೆಗೆ ಬಸ್ಸು ಹತ್ತಿ, ಇಳಿದು, ದಾರಿ ಕೇಳಿಕೊಂಡು ನಡೆದೆ. ಕಾಡು ಇಲ್ಲದ ಬಯಲಿನಲ್ಲಿ ಸಾಲಾಗಿ ಗುಡಿಸಲು. ಅವನು ಅಂಗಳದಲ್ಲಿ ಕೂತು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ಬಲಗಣ್ಣಿನ ಜಾಗ ಮುಚ್ಚಿಕೊಂಡಿತ್ತು. ನಾನು ಮಾತಾಡುವ ಮೊದಲೇ, ಹೆಜ್ಜೆ ಸದ್ದಿಗೇ ಗುರುತಿಸಿದ. ತಾಯಿ ಬೆಲ್ಲದ ಕಾಫಿ ಕಾಸಿ ತಂದುಕೊಟ್ಟರು. ಇಷ್ಟು ದೂರ ಬಂದ್ಯಲ್ಲಪ್ಪ ಎಂದು ನನ್ನ ಕೈ ಸವರಿದರು. ಆ ತಾಯಿಗೆ ನಾನು ಮಗನಿಗೆ ಪಾಠ ಓದಿ ಹೇಳುತ್ತಿದ್ದ ಒಳ್ಳೆಯ ಹುಡುಗ, ಬೇರೇನೂ ಗೊತ್ತಿರಲಿಲ್ಲ.

ಅವರು ಒಳಗೆ ಹೋದಮೇಲೆ ಕೆಲಸದ ವಿಷಯ ಹೇಳಿದೆ. ಒಳ್ಳೇದಾಯ್ತು ಬುಡು, ಬೇರೆ ಯಾವನಿಗೋ ಹೋಗೋ ಬದಲು ನಿಂಗೇ ಸಿಕ್ತಲ್ಲ ಎಂದ. ಷೆಡ್ಡಿನಲ್ಲಿ ಯಾವ ಯಾವ ಗಾಡಿ ಇದೆ, ಡೈನಮೋ ಯಾವುದು ಎಂದು ವಿವರವಾಗಿ ಕೇಳಿದ. ಅದನ್ನೆಲ್ಲ ಹೇಳಿ ಮುಗಿಸಿ, ನಾನು ಬಂದ ವಿಷಯವನ್ನು ಬಾಯಿಬಿಟ್ಟೆ.

"ಅವತ್ತು ನೀರು ಹಾಕಬ್ಯಾಡಿ ಅಂದೋನು ನಾನು ಕಣ್ಲಾ."

"ಗೊತ್ತು" ಎಂದ. "ನಿನ್ನ ದನಿ ಗೊತ್ತಾಗಕಿಲ್ವಾ ನಂಗೆ."

ಅವನ ಕೈ ಹಗ್ಗವನ್ನು ಬಿಟ್ಟಿರಲಿಲ್ಲ. ಹೊಸೆಯುತ್ತಲೇ, ನನಗೆ ಏನೋ ಸಣ್ಣ ವಿಷಯ ತಿಳಿಸುವವನಂತೆ ಹೇಳಿದ. "ಅಕ್ಕ ಬಕೀಟು ಮಡುಗಿದ್ದು ನನ್ನ ಮಗ್ಗುಲಲ್ಲೇಯ. ಸದ್ದು ಕೇಳ್ತು. ನಾನೇ ಒಳಕ್ಕೆ ಕೈ ಅದ್ದಿದ್ದೆ, ಬೊಗಸೆ ತುಂಬಿತ್ತು. ಅಷ್ಟ್ರಲ್ಲಿ ನೀನು ಬ್ಯಾಡ ಅಂದೆ. ಚೆಲ್ಬುಟ್ಟೆ. ನೀನು ಓದಿ ಯೋಳಿದ್ದು ಒಂದ್ಸಲಾನೂ ತಪ್ಪಾಗಿರ್ನಿಲ್ಲ ನೋಡು, ಅದ್ಕೇಯ. ಇಬ್ರೂ ಮಾಡಿದ್ದು ಅದು. ನೀನೊಬ್ನೇ ಅಂತ ಅಂದ್ಕೋಬ್ಯಾಡ."

ನನಗೆ ಸಮಾಧಾನವಾಗಲಿ ಎಂದೇ ಅವನು ಇದನ್ನು ಹೇಳಿದ. ಆಮೇಲೆ ಹಗ್ಗದ ಇನ್ನೊಂದು ತುದಿಯನ್ನು ಅಂದಾಜಿನಲ್ಲಿ ನನ್ನ ಕಡೆಗೆ ಚಾಚಿ, ಬಿಗಿಯಾಗಿ ಹಿಡಿದುಕೋ ಎಂದ.